ಮೂರು ವರ್ಷದ ಕರೆಂಟ್ ದರ ಒಟ್ಟಿಗೇ ಹೇಳಿದ ಮೇಲೂ ಬಿಲ್ ಯಾಕೆ ಬದಲಾಗುತ್ತದೆ?

ಪ್ರಶ್ನೆ: 2025ರ ಮಾರ್ಚ್‌ನಲ್ಲಿ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ಮೂರು ವರ್ಷದ ಕರೆಂಟ್ ದರ ಒಂದೇ ಸಲ ಹೇಳಿತು. ಆದರೂ ಬಿಲ್‌ನಲ್ಲಿ ‘ಇಂಧನ ಹೊಂದಾಣಿಕೆ’ ಅಂತ ಒಂದು ಸಾಲು ಏರುತ್ತದೆ, ಇಳಿಯುತ್ತದೆ. ಹಾಗಾದರೆ ಮೊದಲೇ ಹೇಳಿ ಏನು ಉಪಯೋಗ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಮುಂಚೆಯೇ ಗೊತ್ತಿರುವ ಖರ್ಚನ್ನಷ್ಟೇ ಮೂರು ವರ್ಷಕ್ಕೆ ಕಟ್ಟಿಹಾಕಬಹುದು. ಮನೆ ಬಳಕೆಯ ಯೂನಿಟ್ ದರ 5.90ರಿಂದ 5.80 ರೂಪಾಯಿಗೆ ಇಳಿದು, ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 120ರಿಂದ 145 ರೂಪಾಯಿಗೆ ಏರಿದ್ದು ಆ ಲೆಕ್ಕದಲ್ಲಿಯೇ. ಆದರೆ ಮಳೆ ಕೈಕೊಟ್ಟರೆ? 2023ರ ಬರಗಾಲದಲ್ಲಿ ಜಲವಿದ್ಯುತ್ ಕಡಿಮೆಯಾಗಿ, ಪಂಪ್‌ಸೆಟ್‌ಗಳ ಬೇಡಿಕೆ ಏರಿ, ಹೊರಗಿನಿಂದ ಕರೆಂಟ್ ತರಬೇಕಾಯಿತಲ್ವಾ. ಅಂಥ ಖರ್ಚು ಎಸ್ಕಾಂಗಳ (ನಮಗೆ ಕರೆಂಟ್ ಹಂಚುವ ಕಂಪನಿಗಳ) ಕೈಯಲ್ಲಿಲ್ಲ. ಅದು ಹೊಂದಾಣಿಕೆ ಸಾಲಿನಲ್ಲಿ ನಮ್ಮ ಮೇಲೆ ಬರುತ್ತದೆ, ಖರೀದಿ ಅಗ್ಗವಾದರೆ ವಾಪಸೂ ಬರಬೇಕು.

ಎಸ್ಕಾಂ ಕೈಯಲ್ಲೇ ಇರುವ ಖರ್ಚು ಬೇರೆ: ಸೋರಿಕೆ, ಕಳ್ಳತನ, ನಿರ್ವಹಣೆ. ಇವಕ್ಕೆ ಆಯೋಗ ಮೊದಲೇ ಗುರಿ ಹಾಕುತ್ತದೆ. ನಷ್ಟದ ಗುರಿ ಶೇ 10 ಅಂದುಕೊಳ್ಳಿ, ನಿಜವಾಗಿ ಶೇ 12 ಆಯಿತು. 100 ಯೂನಿಟ್ ಕೊಂಡಾಗ ಹೆಚ್ಚುವರಿಯಾಗಿ ಹೋದ 2 ಯೂನಿಟ್‌ನ ದುಡ್ಡನ್ನು ಕಂಪನಿಯೇ ಹೊರಬೇಕು. ಶೇ 9ಕ್ಕೆ ಇಳಿಸಿದರೆ ಉಳಿದದ್ದರಲ್ಲಿ ಅದಕ್ಕೂ ಪಾಲು ಸಿಗಬೇಕು, ಇಲ್ಲದಿದ್ದರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ವರ್ಷ ಮುಗಿದ ಮೇಲೆ ನಿಜವಾದ ಖರ್ಚು ನೋಡಿ ಲೆಕ್ಕ ಸರಿಮಾಡುವಾಗ ಗುರಿ ತಪ್ಪಿದ್ದನ್ನೂ ‘ಇರಲಿ ಬಿಡಿ’ ಅಂತ ದರಕ್ಕೆ ಸೇರಿಸಿಬಿಟ್ಟರೆ, ಮೂರು ವರ್ಷದ ಯೋಜನೆ ಸುಮ್ನೆ ಕಾಗದ.

ನಮ್ಮಲ್ಲಿ ಇದಕ್ಕೊಂದು ದೊಡ್ಡ ತೂತೂ ಇದೆ. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಕರೆಂಟ್ ಉಚಿತ, ಬಹುಪಾಲಿಗೆ ಮೀಟರ್ ಇಲ್ಲ, ಎಷ್ಟು ಉರಿಯಿತು ಅನ್ನುವುದು ಅಂದಾಜು. ಅಂದಾಜನ್ನು ಸ್ವಲ್ಪ ಜಾಸ್ತಿ ತೋರಿಸಿದರೆ ಸಾಕು, ಕಳ್ಳತನ, ಸೋರಿಕೆ ಎಲ್ಲ ರೈತರ ಬಳಕೆಯಾಗಿ ಕಾಣುತ್ತದೆ. ಸಬ್ಸಿಡಿ ಬಿಲ್ಲೂ ಉಬ್ಬುತ್ತದೆ. ಅಳತೆಯೇ ಇಲ್ಲದೆ ನಷ್ಟಕ್ಕೆ ಗುರಿ ಹಾಕುವುದು ನನಗಂತೂ ಅರ್ಧ ಕೆಲಸ ಅನಿಸುತ್ತದೆ.

ಅವಧಿ ಉದ್ದವಾದಷ್ಟೂ ಒಳ್ಳೆಯದು ಅಂತಲೂ ಅಲ್ಲ. ಬ್ರಿಟನ್‌ನ ಇಂಧನ ನಿಯಂತ್ರಣ ಸಂಸ್ಥೆ ಆಫ್‌ಜೆಮ್ 2013ರಿಂದ 8 ವರ್ಷದ ಯೋಜನೆ ಮಾಡಿತ್ತು. ಕಂಪನಿಗಳ ಲಾಭ ವಿಪರೀತವಾಯಿತು ಅನ್ನುವ ಟೀಕೆ ಬಂದು, ಮುಂದಿನ ಸುತ್ತಿನಲ್ಲಿ 5ಕ್ಕೆ ಇಳಿಸಿತು. ದರ ಏರಿಸದೆ ಕಂಪನಿಗಳಿಗೆ ಬರಬೇಕಾದ ಬಾಕಿಯನ್ನು ಮುಂದಕ್ಕೆ ತಳ್ಳುತ್ತಾ ಹೋದರೂ ಕಷ್ಟ. ದೆಹಲಿಯಲ್ಲಿ ಅದು ಸಾವಿರಾರು ಕೋಟಿಯಾಗಿ, 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ತೀರಿಸಲು ಗಡುವು ಹಾಕಿತು.

ಮುಂದಿನ ಸಾರ್ವಜನಿಕ ವಿಚಾರಣೆಗೆ ಹೋದರೆ ‘ದರ ಏರಿಸಬೇಡಿ’ ಅಂತ ಹೇಳಿ ಬರಬೇಡಿ, ಅದನ್ನು ಎಲ್ಲರೂ ಹೇಳುತ್ತಾರೆ. ಕಳೆದ ವರ್ಷ ನಷ್ಟದ ಗುರಿ ಎಷ್ಟಿತ್ತು, ಎಷ್ಟಾಯಿತು, ವ್ಯತ್ಯಾಸದ ದುಡ್ಡು ಯಾರ ತಲೆಗೆ ಬಂತು, ಪಂಪ್‌ಸೆಟ್ ಅಂದಾಜನ್ನು ಯಾವ ಫೀಡರ್ (ಪಂಪ್‌ಸೆಟ್‌ಗಳಿಗೆ ಕರೆಂಟ್ ಒಯ್ಯುವ ಲೈನ್) ಮೀಟರ್ ನೋಡಿ ಮಾಡಿದ್ದೀರಿ, ಇಷ್ಟನ್ನು ಬರೆದುಕೊಟ್ಟು ಲಿಖಿತ ಉತ್ತರ ಕೇಳಿ.