ಮರಣದಂಡನೆ ಸರಿಯೇ? ಸರಿ-ತಪ್ಪಿನ ಪ್ರಜ್ಞೆ ಮನುಷ್ಯನಿಗೆ ಬಂದದ್ದಾದರೂ ಎಲ್ಲಿಂದ?

ನೀತಿಯೆಲ್ಲ ಧರ್ಮಗ್ರಂಥಗಳಿಂದಲೇ ಬಂತು ಅನ್ನುವವರಿದ್ದಾರೆ. ನನಗೆ ಅದರ ಬೇರು ಇನ್ನೂ ಹಳೆಯದು ಅನಿಸುತ್ತದೆ. 2003ರಲ್ಲಿ ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡುವ ವಿಜ್ಞಾನಿಗಳಾದ ಸಾರಾ ಬ್ರಾಸ್ನನ್ ಮತ್ತು ಫ್ರಾನ್ಸ್ ಡಿ ವಾಲ್ ಕ್ಯಾಪುಚಿನ್ ಕೋತಿಗಳ ಮೇಲೆ ಮಾಡಿದ ಪ್ರಯೋಗ ನೋಡಿ. ಒಂದೇ ಕೆಲಸಕ್ಕೆ ಪಕ್ಕದ ಕೋತಿಗೆ ದ್ರಾಕ್ಷಿ, ತನಗೆ ಬರೀ ಸೌತೆಕಾಯಿ ಸಿಕ್ಕಾಗ ಎಷ್ಟೋ ಸಲ ಕೋತಿ ಅದನ್ನು ತಗೊಳ್ಳಲೇ ಇಲ್ಲ. (ಇದರ ಅರ್ಥ ಏನು ಅಂತ ವಿಜ್ಞಾನಿಗಳು ಇನ್ನೂ ಜಗಳ ಆಡುತ್ತಿದ್ದಾರೆ, ಅದು ಬೇರೆ ಮಾತು.) ಗುಂಪಾಗಿ ಬದುಕುವ ಜೀವಿಗೆ ಅನ್ಯಾಯ ಕಂಡರೆ ಸಿಟ್ಟು ಬರುತ್ತದೆ ಅಂತ ನನಗನಿಸುತ್ತದೆ. ಸೇಡಿನ ಆಸೆ ಹುಟ್ಟಿದ್ದೂ ಅಲ್ಲೇ ಇರಬೇಕು.

ಆದರೆ ಸಹಜವಾಗಿ ಬಂದದ್ದೆಲ್ಲ ಸರಿ ಆಗಬೇಕಿಲ್ಲ, ಅಲ್ವಾ? ಕೊಲೆಗಾರನಿಗೆ ಸಾವೇ ನ್ಯಾಯ ಎಂದು ಜರ್ಮನ್ ತತ್ವಜ್ಞಾನಿ ಕಾಂಟ್ ವಾದಿಸಿದ. ಅವನ ಕಾಲದಲ್ಲೇ, 1786ರಲ್ಲಿ, ಇಂದಿನ ಇಟಲಿಯಲ್ಲಿರುವ ಟಸ್ಕನಿ ಮರಣದಂಡನೆಯನ್ನು ರದ್ದು ಮಾಡಿತ್ತು.

ಕಾಂಟ್ ಮಾತನ್ನು ಒಪ್ಪಿದರೂ ಒಂದು ತೊಡಕು ಉಳಿಯುತ್ತದೆ. ತೀರ್ಪು ಕೊಡುವವರು ಮನುಷ್ಯರೇ. 1950ರಲ್ಲಿ ಬ್ರಿಟನ್ನಿನಲ್ಲಿ ತಿಮೋತಿ ಇವಾನ್ಸ್ ಎಂಬವನನ್ನು ಕೊಲೆ ಆರೋಪದ ಮೇಲೆ ಗಲ್ಲಿಗೇರಿಸಿದರು. ಅದೇ ಮನೆಯಲ್ಲಿದ್ದ ಬೇರೊಬ್ಬ ವ್ಯಕ್ತಿ ಸರಣಿ ಕೊಲೆಗಾರನಾಗಿದ್ದ ಎಂದು ಆಮೇಲೆ ಗೊತ್ತಾಯಿತು. 1966ರಲ್ಲಿ ಇವಾನ್ಸ್‌ಗೆ ಕ್ಷಮಾದಾನ ಕೊಟ್ಟರು. ಜೈಲಿನಲ್ಲಿ ಇಟ್ಟಿದ್ದರೆ ಬಿಟ್ಟಾದರೂ ಕಳಿಸಬಹುದಿತ್ತು.