ಚಾರಣ ಮಾಡಿ ಅನುಭವ ಇರುವ ಪೋಷಕರಿಗೂ ಮಕ್ಕಳನ್ನು ಕರೆದೊಯ್ಯಲು ತರಬೇತಿ ಬೇಕೇ?

ನಿಮ್ಮ ಪ್ರಶ್ನೆಯ ತಿರುಳು ಇಷ್ಟು: ಬಡಾವಣೆಯ 10ರಿಂದ 15 ವರ್ಷದ 30 ಮಕ್ಕಳನ್ನು ತಿಂಗಳಿಗೊಮ್ಮೆ ಬೆಟ್ಟಕ್ಕೋ ಕೆರೆಗೋ ಕಾಡಿನಂಚಿಗೋ ಕರೆದುಕೊಂಡು ಹೋಗುತ್ತೀರಿ. ಜೊತೆಗೆ ಬರುವ ಆರು ಮಂದಿ ಪೋಷಕರೂ ಹತ್ತಾರು ಚಾರಣ ಮಾಡಿದವರು. ಅವರಿಗೆ ಮತ್ತೆ ತರಬೇತಿ ಅಂತ ಎರಡು ದಿನ ಹಾಕುವುದು ದಂಡ ಅಲ್ಲವೇ?

ದಂಡ ಅಲ್ಲ. ಬೆಟ್ಟ ಹತ್ತಿ ಪಳಗಿದವರಿಗೇ ಅದು ಹೆಚ್ಚು ಬೇಕು ಅಂತ ನಾನು ಹೇಳುತ್ತೇನೆ. ಚಾರಣಿಗರ ಕಣ್ಣು ದಾರಿಯ ಮೇಲೆ, ತುದಿಯ ಮೇಲೆ ನೆಟ್ಟಿರುತ್ತದೆ. ದೊಡ್ಡವರಿಗೆ ಸುಸ್ತಾದರೆ ಬಾಯಿಬಿಟ್ಟು ಹೇಳುತ್ತಾರೆ. 12 ವರ್ಷದ ಹುಡುಗ ಗೆಳೆಯರ ಎದುರು ಹೇಳುವುದಿಲ್ಲ. ಹುಡುಗಿಯರ ವಿಷಯದಲ್ಲಿ ಇನ್ನೊಂದಿದೆ: ಮೂತ್ರಕ್ಕೆ ಹೋಗಲು ಮರೆಯಾದ ಜಾಗ ಇಲ್ಲ ಅಂತ ಗೊತ್ತಾದರೆ ಬೆಳಗ್ಗೆಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ಮಧ್ಯಾಹ್ನ ತಲೆ ಸುತ್ತಿ ಕೂತಾಗ ಎಲ್ಲರೂ ಬಿಸಿಲನ್ನು ಬೈಯುತ್ತಾರೆ. ಒಂದು ಹಳೇ ಸೀರೆ, ಒಂದು ಹಗ್ಗ, ಜೊತೆಗೆ ನಿಲ್ಲಲು ಒಬ್ಬ ಹೆಂಗಸು, ಎರಡು ಚೀಲದಲ್ಲಿ ಸ್ಯಾನಿಟರಿ ಪ್ಯಾಡ್. ಇಷ್ಟಿದ್ದರೆ ಆ ತೊಂದರೆ ಬರುವುದೇ ಇಲ್ಲ. ನಡೆದು ನಡೆದು ಕಲಿಯುವ ವಿಷಯ ಇದಲ್ಲ, ಯಾರಾದರೂ ಹೇಳಿಕೊಡಬೇಕು.

ಸ್ಕೌಟ್ ಚಳವಳಿ ಇದನ್ನು ಬೇಗ ಕಂಡುಕೊಂಡಿತು. ಅದರ ಸ್ಥಾಪಕ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಮೊದಲ ಶಿಬಿರ ನಡೆಸಿದ್ದು 1907ರಲ್ಲಿ. 1919ರ ಹೊತ್ತಿಗೆ ಲಂಡನ್ ಹತ್ತಿರದ ಗಿಲ್ವೆಲ್ ಪಾರ್ಕ್‌ನಲ್ಲಿ ಹಿರಿಯ ನಾಯಕರಿಗಾಗಿಯೇ ವುಡ್ ಬ್ಯಾಡ್ಜ್ ತರಬೇತಿ ಶುರುವಾಗಿತ್ತು. ನಮ್ಮಲ್ಲಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಇಂದಿಗೂ ಕೊಡುವ ಹಿಮಾಲಯ ವುಡ್ ಬ್ಯಾಡ್ಜ್ ಅದರದೇ ಕುಡಿ.

ಈಗ ಏನು ಕಲಿಸಬೇಕು ಅನ್ನುವುದಕ್ಕೆ ಬರುತ್ತೇನೆ.

ಮೊದಲನೆಯದು ತಲೆ ಎಣಿಕೆ. ಓಡಾಡುವ ಮಕ್ಕಳನ್ನು ಬೆರಳು ತೋರಿಸಿ ಎಣಿಸಿದರೆ ಒಬ್ಬನೇ ಎರಡು ಸಲ ಲೆಕ್ಕಕ್ಕೆ ಬರುತ್ತಾನೆ, 29 ಇದ್ದದ್ದು 30 ಆಗುತ್ತದೆ. ಆದ್ದರಿಂದ ಆರಾರು ಮಕ್ಕಳ ಐದು ಗುಂಪು ಮಾಡಿ. ಗುಂಪಿಗೊಬ್ಬ ಹಿರಿಯರು, ಗುಂಪಿನೊಳಗೆ ಮೂರು ಜೋಡಿ. "ಜೋಡಿ ಎಲ್ಲಿ?" ಅಂದರೆ ಮಕ್ಕಳು ಜೊತೆಗಾರರ ಕೈ ಹಿಡಿದು ಎತ್ತಬೇಕು, ಆಮೇಲೆ ಪ್ರತಿ ಗುಂಪಿನ ಹಿರಿಯರು "ಆರು" ಅಂತ ಕೂಗಿ ಹೇಳಬೇಕು. ಆರನೆಯ ಹಿರಿಯರಿಗೆ ಗುಂಪು ಬೇಡ. ಅವರು ಪ್ರಥಮ ಚಿಕಿತ್ಸೆಯ ಚೀಲ ಹಿಡಿದು ಸಾಲಿನ ಕೊನೆಯಲ್ಲಿ ನಡೆಯಲಿ, ಅವರ ಹಿಂದೆ ಯಾವ ಮಗುವೂ ಇರಬಾರದು. ಬಸ್ ಇಳಿದಾಗ, ಪ್ರತಿ ನಿಲುಗಡೆಯಲ್ಲಿ, ಶೌಚಕ್ಕೆ ಹೋಗಿ ಬಂದ ಮೇಲೆ, ಕೊನೆಗೆ ಬಸ್ ಹತ್ತಿದ ಮೇಲೆ ಚಾಲಕ ಇಂಜಿನ್ ಶುರು ಮಾಡುವ ಮುಂಚೆ ಎಣಿಕೆ ಆಗಲೇಬೇಕು.

ಎರಡನೆಯದು ನೀರು. ಎಲ್ಲಕ್ಕಿಂತ ಹೆಚ್ಚು ಸಮಯ ಇದಕ್ಕೇ ಕೊಡಿ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಮುಳುಗಿ ಹೋದರು. ಶಿಕ್ಷಕರು ಜೊತೆಗಿದ್ದರೂ ಇಂಥದ್ದು ಆಗುತ್ತದೆ ಅನ್ನುವುದನ್ನು ನಿಮ್ಮ ಆರೂ ಜನ ಮನಸ್ಸಿಗೆ ತಂದುಕೊಳ್ಳಬೇಕು. ಕೆರೆ ಮೇಲೆ ನೋಡಲು ಶಾಂತ. ಒಳಗೆ ಮಣ್ಣು ತೆಗೆದ ಗುಂಡಿಗಳಿರುತ್ತವೆ. ಮೊಣಕಾಲುದ್ದ ನೀರಲ್ಲಿ ನಿಂತ ಮಗು ಇನ್ನೆರಡು ಹೆಜ್ಜೆ ಇಟ್ಟರೆ ನೆಲ ಇರುವುದಿಲ್ಲ, ಇದ್ದರೂ ಕಾಲು ಹೂಳಿನಲ್ಲಿ ಹೂತುಹೋಗುತ್ತದೆ. ಬಿಟ್ಟುಹೋದ ಕಲ್ಲು ಕ್ವಾರಿಯ ಅಂಚು ನೇರ ಗೋಡೆ, ಹತ್ತಿ ಬರಲು ಹಿಡಿತವೇ ಸಿಗದು. ನನ್ನ ಮಾತು ಕಟ್ಟುನಿಟ್ಟಾಗಿ ಕೇಳಬಹುದು: ಜೀವರಕ್ಷಕರಿಲ್ಲದ ಕಡೆ ಮಕ್ಕಳು ನೀರಿಗೆ ಇಳಿಯುವ ಹಾಗಿಲ್ಲ, "ಕಾಲು ತೊಳೆದುಕೊಂಡು ಬರ್ತೀವಿ" ಅಂದರೂ ಇಲ್ಲ.

ಹಾಗಿದ್ದೂ ಯಾರಾದರೂ ಬಿದ್ದರೆ? ದೊಡ್ಡವರು ಹಿಂದುಮುಂದು ನೋಡದೆ ಹಾರುತ್ತಾರೆ. ಮುಳುಗುವವರು ಕುತ್ತಿಗೆ ತಬ್ಬಿಕೊಂಡು ಇಬ್ಬರೂ ಹೋಗುತ್ತಾರೆ. ಇದಕ್ಕೆ 5 ಲೀಟರಿನ ಖಾಲಿ ಎಣ್ಣೆ ಕ್ಯಾನ್ ಒಂದು ಸಾಕು. ಅದಕ್ಕೆ ಒಂದೆರಡು ಲೋಟ ನೀರು ಹಾಕಿ ಮುಚ್ಚಳ ಬಿಗಿ ಮಾಡಿ, ಹಿಡಿಕೆಗೆ 15 ಮೀಟರ್ ಹಗ್ಗ ಕಟ್ಟಿ. ಪೂರ್ತಿ ಖಾಲಿ ಕ್ಯಾನ್ ಗಾಳಿಗೆ ಅಡ್ಡ ಹಾರುತ್ತದೆ. ಸ್ವಲ್ಪ ನೀರಿದ್ದರೆ ಗುರಿ ಮುಟ್ಟುತ್ತದೆ, ತೇಲುತ್ತಲೂ ಇರುತ್ತದೆ. ಹಗ್ಗದ ಇನ್ನೊಂದು ತುದಿಯನ್ನು ಕಾಲಡಿ ಮೆಟ್ಟಿಕೊಂಡು, ಮುಳುಗುವವರ ತಲೆಯಾಚೆ ಬೀಳುವಂತೆ ಎಸೆದು ಎಳೆಯಬೇಕು. ಮೈದಾನದಲ್ಲಿ ಪ್ರತಿಯೊಬ್ಬರೂ ಹತ್ತು ಸಲ ಎಸೆದು ನೋಡಲಿ. ಮೊದಲ ಸಲ ಎಸೆದವರಲ್ಲಿ ಬಹಳ ಜನ ಹಗ್ಗದ ತುದಿ ಮರೆತು, ಕ್ಯಾನ್ ಜೊತೆ ಹಗ್ಗವನ್ನೂ ಕಳಿಸಿಬಿಡುತ್ತಾರೆ!

ಮೂರನೆಯದು ಹಿಂದಿರುಗುವ ಗಡಿಯಾರ. ದೊಡ್ಡವರಿಗೆ ಗಂಟೆಗೆ 5 ಕಿ.ಮೀ., ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಅನ್ನುವುದು ಹಳೆಯ ಲೆಕ್ಕ. 5 ಕಿ.ಮೀ. ದೂರ, 300 ಮೀಟರ್ ಏರು ಇದ್ದರೆ ಒಂದೂವರೆ ಗಂಟೆ. ಮಕ್ಕಳಿಗೆ ಅದರ ಒಂದೂವರೆ ಪಟ್ಟು ಹಿಡಿಯಿರಿ, ಅಂದರೆ ಎರಡೂಕಾಲು ಗಂಟೆ, ಮೇಲೆ ಗಂಟೆಗೆ 10 ನಿಮಿಷ ವಿಶ್ರಾಂತಿ. ಎಷ್ಟು ಹೊತ್ತಿಗೆ ಎಲ್ಲಿದ್ದರೂ ತಿರುಗಬೇಕು ಅನ್ನುವುದನ್ನು ಮನೆಯಲ್ಲೇ ಬರೆದಿಡಿ. ತುದಿ ಕಾಣುತ್ತಿರುವಾಗ "ಇನ್ನೊಂದು 20 ನಿಮಿಷ ಅಷ್ಟೇ" ಅನ್ನುವವರು ನಿಮ್ಮಲ್ಲೇ ಇರುತ್ತಾರೆ. ಇಳಿಯುವಾಗ ಕತ್ತಲು, ದಣಿದ ಕಾಲು, ಎಡವಿ ಬೀಳುವುದು ಆಗಲೇ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಬಯಲು ಬಂಡೆ ಬಿಟ್ಟು ಇಳಿಯಬೇಕು. ಕೊನೆಯ ಗುಡುಗಿನ ಬಳಿಕ 30 ನಿಮಿಷ ಕಾಯಬೇಕು.

ಪ್ರಥಮ ಚಿಕಿತ್ಸೆಯನ್ನು ರೆಡ್ ಕ್ರಾಸ್ ಅಥವಾ ಸೇಂಟ್ ಜಾನ್ ಆಂಬ್ಯುಲೆನ್ಸ್‌ನವರಿಂದ ಗೊಂಬೆಯ ಮೇಲೆ ಕೈಯಾಡಿಸಿ ಕಲಿಯಿರಿ, ವಿಡಿಯೋ ನೋಡಿ ಅಲ್ಲ. ನಮ್ಮ ಕಡೆ ಜನ ಪದೇ ಪದೇ ತಪ್ಪುವುದು ಇಲ್ಲಿ: ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಮೂಳೆ ಮುರಿದವರಿಗೆ ಕಟ್ಟುವಂತೆ ದಬ್ಬೆ ಕಟ್ಟಿ, ಮಗುವನ್ನು ನಡೆಸದೆ ಹೊತ್ತು ತನ್ನಿ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಆಂಟಿವೆನಮ್ ಇದೆ ಎಂದು ಹೊರಡುವ ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ಒಂದು ಲೀಟರಿನ ಓಆರ್‌ಎಸ್ ಪ್ಯಾಕೆಟ್ಟನ್ನು ಅರ್ಧ ಲೀಟರ್ ಬಾಟಲಿಗೆ ಸುರಿದರೆ ಉಪ್ಪು ಹೆಚ್ಚಾಗಿ ಅಪಾಯ. ಅಸ್ತಮಾ ಇರುವ ಮಗುವಿನ ಇನ್‌ಹೇಲರ್ ಮಗುವಿನ ಚೀಲದಲ್ಲೇ ಇರಬೇಕು, ಬಸ್ಸಿನಲ್ಲಲ್ಲ. "ಏನಾದರೂ ಕಾಯಿಲೆ ಇದೆಯೇ" ಅಂತ ಕೇಳಿದರೆ ಪೋಷಕರು ಇಲ್ಲ ಅಂತಲೇ ಬರೆಯುತ್ತಾರೆ. "ಕಳೆದ ಆರು ತಿಂಗಳಲ್ಲಿ ಯಾವ ಔಷಧಿ ಕೊಟ್ಟಿದ್ದೀರಿ" ಅಂತ ಕೇಳಿ.

ಮಕ್ಕಳ ರಕ್ಷಣೆಯ ಮಾತನ್ನು ಸಂಕೋಚಪಟ್ಟು ಬಿಡಬೇಡಿ. ಯಾವ ಹಿರಿಯರೂ ಒಂದು ಮಗುವಿನ ಜೊತೆ ಒಂಟಿಯಾಗಿ ಮರೆಯಲ್ಲಿ ಇರಬಾರದು, ಒಂದೇ ಟೆಂಟಿನಲ್ಲಿ ಮಲಗಬಾರದು. ಮಗು ಲೈಂಗಿಕ ಕಿರುಕುಳದ ವಿಷಯ ಹೇಳಿಕೊಂಡರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಬಡಾವಣೆಯೊಳಗೆ ರಾಜಿ ಮಾಡಿಸುವ ಹಾಗಿಲ್ಲ. ಸಹಾಯವಾಣಿ 1098.

ಎರಡನೆಯ ದಿನ ಮಕ್ಕಳಿಲ್ಲದೆ, ಮುಂದೆ ಹೋಗಬೇಕಾದ ಬೆಟ್ಟಕ್ಕೇ ಹೋಗಿ. ಫೋನ್ ಸಿಗ್ನಲ್ ಎಲ್ಲಿ ನಿಲ್ಲುತ್ತದೆ, ಆಂಬ್ಯುಲೆನ್ಸ್ ಎಲ್ಲಿಯವರೆಗೆ ಬರುತ್ತದೆ, ಹೆಜ್ಜೇನು ಎಲ್ಲಿ ಕಟ್ಟಿದೆ ನೋಡಿಕೊಳ್ಳಿ. ಆಮೇಲೆ ಮುನ್ಸೂಚನೆ ಕೊಡದೆ ಒಬ್ಬರಿಗೆ ಕಾಲು ಮುರಿದ ಮಗುವಿನಂತೆ ನಟಿಸಲು ಹೇಳಿ. ಉಳಿದ ಐವರೂ ಅವರ ಸುತ್ತ ಮುತ್ತಿಕೊಳ್ಳುತ್ತಾರೆ. ಆಗ ಕೇಳಿ: ಉಳಿದ 29 ಮಕ್ಕಳ ಹತ್ತಿರ ಯಾರಿದ್ದೀರಿ? ಇಬ್ಬರು ಗಾಯಾಳುವಿನ ಹತ್ತಿರ, ಒಬ್ಬರು 108ಕ್ಕೆ ಫೋನ್, ಉಳಿದವರು ಮಕ್ಕಳನ್ನು ದೂರ ಕೂರಿಸಿ ಎಣಿಕೆ. ಇದು ತಾನಾಗಿ ಆಗುವವರೆಗೆ ಮತ್ತೆ ಮತ್ತೆ ಮಾಡಿಸಿ, ವರ್ಷಕ್ಕೊಮ್ಮೆ ಪುನಃ ಮಾಡಿಸಿ.

ಬೆಂಗಳೂರಿನಲ್ಲಿ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಇದೆ. ಸ್ಕೌಟ್ಸ್‌ನ ಜಿಲ್ಲಾ ಕಚೇರಿಯಲ್ಲೂ ವಿಚಾರಿಸಿ. ತರಬೇತಿಗೆ ಬರಲಾಗದವರು ಅಡುಗೆಗೋ ಸಾಮಾನು ಸಾಗಿಸಲೋ ಬರಲಿ, ಗುಂಪನ್ನು ಮಾತ್ರ ಅವರ ಕೈಗೆ ಕೊಡಬೇಡಿ, ಅವರು ಎಷ್ಟೇ ಶಿಖರ ಹತ್ತಿದವರಾಗಿರಲಿ.