ಸೀಟಿ ಊದದ ಕೋಚ್, ಹತ್ತು ಶನಿವಾರಗಳ ಋತು

ನಿಮ್ಮ ಮಗ ಮಿನೆಸೋಟದ ಸಣ್ಣ ಕಾಲೇಜೊಂದರಲ್ಲಿ ಅಮೆರಿಕನ್ ಫುಟ್‌ಬಾಲ್ ಆಡಲು ಹೊರಟಿದ್ದಾನೆ. ಅದಕ್ಕೆ ವಿದ್ಯಾರ್ಥಿವೇತನವಿಲ್ಲ, ಮುಂದೆ ವೃತ್ತಿಪರ ಆಟಗಾರನಾಗುವ ದಾರಿಯೂ ಕಾಣುವುದಿಲ್ಲ, ಹಾಗಿದ್ದ ಮೇಲೆ ಇದರಿಂದ ಸಿಗುವುದೇನು ಎಂದು ಕೇಳಿದ್ದೀರಿ.

ನಾನು 2008ರಿಂದ ಮಿನೆಸೋಟದ ಸೇಂಟ್ ಕ್ಲೌಡ್‌ನಲ್ಲಿದ್ದೇನೆ. ಇಲ್ಲಿಗೆ ಹತ್ತಿರದಲ್ಲೇ ಕಾಲೇಜ್‌ವಿಲ್‌ನಲ್ಲಿ ಬೆನೆಡಿಕ್ಟೈನ್ ಸನ್ಯಾಸಿಗಳು ಕಟ್ಟಿದ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯವಿದೆ. ಈ ಆಟ ನನಗೆ ಅರ್ಥವಾದದ್ದು ಅಲ್ಲಿಯೇ. ಪಕ್ಕದ ಮನೆಯ ಹುಡುಗ ಆ ತಂಡದಲ್ಲಿದ್ದ. ಅವನ ತಾಯಿ ಕರೆದರೆಂದು ಹೋದವನು ಮುಂದೆ ಕರೆಯದೆಯೂ ಹೋಗತೊಡಗಿದೆ.

ಇಂಥ ಕಾಲೇಜುಗಳು ಅಮೆರಿಕದ ಕಾಲೇಜು ಕ್ರೀಡೆಯ ಮೂರನೆಯ ಹಂತವಾದ ಮೂರನೆಯ ಡಿವಿಷನ್‌ಗೆ ಸೇರಿದವು. ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವಂತಿಲ್ಲ ಎಂಬುದು ಅಲ್ಲಿನ ನಿಯಮ. ವೃತ್ತಿಪರ ಆಟದ ಬಾಗಿಲು ಪೂರ್ತಿ ಮುಚ್ಚಿಲ್ಲ, ಸೇಂಟ್ ಜಾನ್ಸ್‌ನ ಬೆನ್ ಬಾರ್ಚ್ 2020ರಲ್ಲಿ ಜ್ಯಾಕ್ಸನ್‌ವಿಲ್ ಜಾಗ್ವಾರ್ಸ್ ತಂಡಕ್ಕೆ ಆಯ್ಕೆಯಾದರು. ಆದರೆ ಅದನ್ನು ನಂಬಿಕೊಂಡು ಇಲ್ಲಿ ಯಾರೂ ಬೆವರು ಸುರಿಸುವುದಿಲ್ಲ. ಆಗಸ್ಟ್‌ನಲ್ಲಿ ಅಭ್ಯಾಸ, ಸೆಪ್ಟೆಂಬರ್‌ನಿಂದ ನವೆಂಬರ್ ನಡುವಿನವರೆಗೆ ಹತ್ತು ಪಂದ್ಯ, ಹೆಚ್ಚಿನವು ಶನಿವಾರ ಮಧ್ಯಾಹ್ನ. ಗೆದ್ದು ಅರ್ಹತೆ ಪಡೆದವರಿಗೆ ಮಾತ್ರ ಅದರ ಮುಂದಿನ ನಾಕೌಟ್ ಪಂದ್ಯಗಳು. ಉಳಿದವರ ಋತು ಅಲ್ಲಿಗೆ ಮುಗಿಯುತ್ತದೆ. ಸೋಮವಾರ ತರಗತಿ ಇದ್ದೇ ಇರುತ್ತದೆ.

ಸೇಂಟ್ ಜಾನ್ಸ್ ತಂಡವನ್ನು 1953ರಿಂದ 2012ರವರೆಗೆ ಅರವತ್ತು ಋತು ನಡೆಸಿದವರು ಜಾನ್ ಗಾಲ್ಯಾರ್ಡಿ. ಅದಕ್ಕೂ ಮೊದಲು ಬೇರೆ ಕಾಲೇಜಿನಲ್ಲಿ ಗೆದ್ದದ್ದೂ ಸೇರಿ ಅವರದು ಒಟ್ಟು 489 ಗೆಲುವು. ಕಾಲೇಜು ಫುಟ್‌ಬಾಲ್‌ನಲ್ಲಿ ಇಷ್ಟು ಪಂದ್ಯ ಗೆದ್ದ ಕೋಚ್ ಮತ್ತೊಬ್ಬರಿಲ್ಲ. ಅವರನ್ನು ನಾನು ಕಂಡದ್ದು ಅವರ ಎಂಬತ್ತು ದಾಟಿದ ಮೇಲೆ. ಅವರ ಅಭ್ಯಾಸದಲ್ಲಿ ಸೀಟಿ ಇರಲಿಲ್ಲ. ಎದುರಾಳಿಯನ್ನು ಹಿಡಿದು ಕೆಡವುವುದೇ ಜೀವಾಳವಾದ ಆಟದಲ್ಲಿ, ವಾರದ ದಿನಗಳಲ್ಲಿ ಕೆಡವುವುದಕ್ಕೇ ಅವಕಾಶವಿರಲಿಲ್ಲ! ತಮ್ಮ ಹುಡುಗರು ಅಭ್ಯಾಸದಲ್ಲೇ ಗಾಯಗೊಳ್ಳುವುದು ಅವರಿಗೆ ಬೇಕಿರಲಿಲ್ಲ. ಸೇರಲು ಬಂದವರನ್ನು ಹೊರಗೆ ಕಳಿಸುತ್ತಿರಲಿಲ್ಲವಾದ್ದರಿಂದ ತಂಡದಲ್ಲಿ ನೂರೈವತ್ತಕ್ಕೂ ಹೆಚ್ಚು ಹುಡುಗರಿರುತ್ತಿದ್ದರು. ಸೊಳ್ಳೆ ವಿಪರೀತವಾದರೆ ಅಭ್ಯಾಸ ಒಳಾಂಗಣಕ್ಕೆ. ಒಮ್ಮೊಮ್ಮೆ ಎಲ್ಲರೂ ಹುಲ್ಲಿನ ಮೇಲೆ ಅಂಗಾತ ಮಲಗಿ, ಇವತ್ತು ಎಂಥ ಒಳ್ಳೆಯ ದಿನ ಎಂದು ಪಕ್ಕದವನಿಗೆ ಹೇಳಬೇಕಿತ್ತು. ಅದೂ ಒಂದು ವ್ಯಾಯಾಮವೇ.

ಹದಿನೆಂಟರ ಹುಡುಗರು ಅವರನ್ನು ಹೆಸರು ಹಿಡಿದು ‘ಜಾನ್’ ಎನ್ನುತ್ತಿದ್ದರು, ‘ಕೋಚ್’ ಎಂದು ಕರೆಯಬಾರದು ಎಂದು ಅವರೇ ಹೇಳಿದ್ದರಂತೆ. ಮೇಷ್ಟ್ರ ನೆರಳು ತುಳಿಯಲೂ ಹೆದರಿ ಬೆಳೆದ ನನಗೆ ಇದು ಮೊದಲು ಕಸಿವಿಸಿಯಾಗಿತ್ತು. ನಮ್ಮ ಹೈಸ್ಕೂಲಿನ ವ್ಯಾಯಾಮ ಶಿಕ್ಷಕರ ಸೀಟಿ ಕೇಳಿದರೆ ಈಗಲೂ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಆದರೆ ಆ ಮೈದಾನದಲ್ಲಿ ಗೌರವಕ್ಕೇನೂ ಕೊರತೆ ಕಾಣಲಿಲ್ಲ. ಅವರು ಮಾತಾಡಲು ಬಾಯಿ ತೆರೆದರೆ ನೂರೈವತ್ತು ಹೆಲ್ಮೆಟ್ಟುಗಳು ಅತ್ತ ತಿರುಗುತ್ತಿದ್ದವು.

ಇದೆಲ್ಲ ಮೃದುತನವೆಂದುಕೊಳ್ಳುವವರು 2003ರ ಋತುವನ್ನು ನೋಡಬೇಕು. ನಾನಿನ್ನೂ ಇಲ್ಲಿಗೆ ಬಂದಿರಲಿಲ್ಲ, ಆದರೆ ಊರಿನವರು ಅದನ್ನು ನಿನ್ನೆಯದೆಂಬಂತೆ ಹೇಳುತ್ತಾರೆ. ನವೆಂಬರ್ 8ರಂದು ಬೆಥೆಲ್ ವಿರುದ್ಧ 29–26. ಕೂದಲೆಳೆಯ ಆ ಗೆಲುವು ಗಾಲ್ಯಾರ್ಡಿಯವರ 409ನೆಯದು; ಗ್ರ್ಯಾಂಬ್ಲಿಂಗ್ ವಿಶ್ವವಿದ್ಯಾಲಯದ ಕೋಚ್ ಆಗಿದ್ದ ಎಡ್ಡಿ ರಾಬಿನ್‌ಸನ್ ಅವರ ಅತಿ ಹೆಚ್ಚು ಗೆಲುವಿನ ದಾಖಲೆ ಅಂದು ಮುರಿಯಿತು. ಡಿಸೆಂಬರ್‌ನಲ್ಲಿ ವರ್ಜೀನಿಯಾದ ಸೇಲಂನಲ್ಲಿ ರಾಷ್ಟ್ರೀಯ ಫೈನಲ್. ಎದುರಿಗಿದ್ದುದು ಸತತ 55 ಪಂದ್ಯ ಗೆದ್ದು ಬಂದಿದ್ದ ಒಹಾಯೊದ ಮೌಂಟ್ ಯೂನಿಯನ್. ಸೇಂಟ್ ಜಾನ್ಸ್ 24–6ರಿಂದ ಗೆದ್ದಿತು. ಹದಿನಾಲ್ಕು ಪಂದ್ಯ, ಹದಿನಾಲ್ಕೂ ಗೆಲುವು. ಆ ತಂಡದ ಬ್ಲೇಕ್ ಎಲಿಯಟ್‌ಗೆ ಆ ವರ್ಷದ ಮೂರನೆಯ ಡಿವಿಷನ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಬಂತು. ಆ ಪ್ರಶಸ್ತಿಯ ಹೆಸರೂ ಗಾಲ್ಯಾರ್ಡಿ ಟ್ರೋಫಿಯೇ.

ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಆ ಫೈನಲ್‌ನಲ್ಲಿಲ್ಲ, ಪಕ್ಕದ ಮನೆಯ ಹುಡುಗನಲ್ಲಿದೆ. ನಾಲ್ಕು ವರ್ಷದಲ್ಲಿ ಅವನು ಮೈದಾನಕ್ಕಿಳಿದದ್ದು ಬಹಳ ಕಡಿಮೆ. ಹೆಚ್ಚಿನ ಶನಿವಾರಗಳಲ್ಲಿ ಕೆಂಪು ಜೆರ್ಸಿ ತೊಟ್ಟು ಗೆರೆಯಾಚೆ ನಿಂತಿರುತ್ತಿದ್ದ. ಕೊನೆಯ ವರ್ಷ ಒಂದು ಪಂದ್ಯದ ಕೊನೆಯ ನಿಮಿಷಗಳಲ್ಲಿ ಅವನನ್ನು ಒಳಗೆ ಕಳಿಸಿದರು. ಚೆಂಡು ಅವನ ಬಳಿ ಬರಲೇ ಇಲ್ಲ. ಆದರೂ ಗೆರೆಯಾಚೆ ನಿಂತಿದ್ದ ಅಷ್ಟೂ ಹುಡುಗರು ಅವನ ಹೆಸರು ಕೂಗಿದರು. ಅವನ ತಾಯಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಇಂದಿಗೂ ಅವನ ಆಪ್ತ ಗೆಳೆಯರು ಆ ತಂಡದವರೇ.

ಗಾಯದ ಭಯ ನಿಮಗಿದ್ದರೆ ಅದು ನ್ಯಾಯವಾದದ್ದು. ತಲೆಗೆ ಬೀಳುವ ಪೆಟ್ಟು ಈ ಆಟದ ನಿಜವಾದ ಅಪಾಯ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಗನ ಕಾಲೇಜಿನ ಕೋಚ್‌ಗೆ ಎರಡು ಪ್ರಶ್ನೆ ಕೇಳಿ: ಅಭ್ಯಾಸದಲ್ಲಿ ವಾರಕ್ಕೆ ಎಷ್ಟು ದಿನ ಪೂರ್ಣ ಪ್ರಮಾಣದ ಟ್ಯಾಕಲ್, ಅಂದರೆ ಹಿಡಿದು ಕೆಡವುವುದು, ಇರುತ್ತದೆ? ತಲೆಗೆ ಪೆಟ್ಟಾದರೆ ಹುಡುಗ ಮತ್ತೆ ಆಡಬಹುದೆಂದು ತೀರ್ಮಾನಿಸುವವರು ಕೋಚೋ, ವೈದ್ಯರೋ? ತೀರ್ಮಾನ ವೈದ್ಯರದಲ್ಲ ಎಂದರೆ ಆ ತಂಡ ಬೇಡ.

ಉತ್ತರ ಸರಿಯೆನಿಸಿದರೆ ಕಳಿಸಿ. ಒಂದಾದರೂ ಪಂದ್ಯ ನೋಡಲು ನೀವೂ ಬನ್ನಿ. ಅಕ್ಟೋಬರ್ ಕೊನೆಗೆ ಬರುವುದಾದರೆ ದಪ್ಪ ಕಂಬಳಿ ಮತ್ತು ಫ್ಲಾಸ್ಕ್ ತುಂಬ ಕಾಫಿ ಮರೆಯಬೇಡಿ. ಇಲ್ಲಿನ ಗಾಳಿ ಮೂಳೆಗೆ ಇಳಿಯುತ್ತದೆ.